ನೆರೂಡನ ಆ ಒಂದು ಪುಟ ಓದಿದ ಮೇಲೆ ಅವನ ಕವಿತೆ ಹೇಗೆ ಓದೋದು?

ಕಾಫಿಹೂ (ಸುಂಟಿಕೊಪ್ಪ)

ನೇರವಾಗಿ ಕೇಳಿಬಿಡುತ್ತೇನೆ. ವರ್ಷಗಟ್ಟಲೆ ಪ್ರೀತಿಯಿಂದ ಓದಿದ ಕವಿ ಒಬ್ಬ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದ್ದ ಅಂತ ಗೊತ್ತಾದರೆ ಆ ಕವಿತೆಗಳನ್ನು ಏನು ಮಾಡುವುದು? ನನ್ನ ವಿಷಯದಲ್ಲಿ ಆ ಕವಿ ಚಿಲಿ ದೇಶದ ಪಾಬ್ಲೊ ನೆರೂಡ. "ಬರೆದವನು ಬೇರೆ, ಬರೆದದ್ದು ಬೇರೆ" ಅನ್ನುವ ಮಾತು ನಾನೂ ಕೇಳಿದ್ದೇನೆ. ಅದು ನನಗೆ ಸಾಲುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಓದಿದ್ದು ಬಿ.ಕಾಂ. ಮಡಿಕೇರಿಯಲ್ಲಿ ಕಾಲೇಜಿಗೆ ಹೋಗುವಾಗ ಕನ್ನಡ ಮೇಷ್ಟ್ರೊಬ್ಬರು ಪಠ್ಯದಲ್ಲಿ ಇಲ್ಲದ್ದನ್ನೂ ಓದಿ ಹೇಳುತ್ತಿದ್ದರು. ಮಳೆ ಜೋರಾದರೆ ಹಿಂದಿನ ಬೆಂಚಿಗೆ ಏನೂ ಕೇಳಿಸುತ್ತಿರಲಿಲ್ಲ. ಅವರು ಪುಸ್ತಕ ಹಿಡಿದು ನಮ್ಮ ಮಧ್ಯಕ್ಕೇ ಬಂದು ನಿಲ್ಲುತ್ತಿದ್ದರು. ಉಪ್ಪಿನ ಮೇಲೆ, ಈರುಳ್ಳಿ ಮೇಲೆ, ಟೊಮೆಟೊ ಮೇಲೆ, ಯಾರೋ ಹೆಣೆದುಕೊಟ್ಟ ಕಾಲುಚೀಲದ ಮೇಲೆ ನೆರೂಡ ಬರೆದ ಕವಿತೆಗಳನ್ನು ನಾನು ಮೊದಲು ಕೇಳಿದ್ದು ಹಾಗೆ. ಅಡುಗೆಮನೆಯಲ್ಲಿ ಇರುವುದೆಲ್ಲ ಕವಿತೆಗೆ ಬರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಮಾಚು ಪಿಚು ಮೇಲಿನ ದೀರ್ಘ ಕವಿತೆ ಓದಿದೆ. 1943ರಲ್ಲಿ ಪೆರು ದೇಶದ ಆ ಹಳೇ ಕಲ್ಲಿನ ಊರು ನೋಡಿ ಬಂದು, ಎರಡು ವರ್ಷ ಬಿಟ್ಟು ಬರೆದದ್ದು. ಅಲ್ಲಿಗೆ ಹೋದವರೆಲ್ಲ ಬೆಟ್ಟ ನೋಡುತ್ತಾರೆ, ಗೋಡೆ ನೋಡುತ್ತಾರೆ. ಇವನು ಕೇಳುವುದು, ಈ ಕಲ್ಲು ಹೊತ್ತವನು ಎಲ್ಲಿ ಅಂತ. ಹೆಸರೇ ಉಳಿಯದೆ ಸತ್ತವರಿಗೆ ತಾನೇ ಹೆಸರಿಟ್ಟು ಕರೆಯುತ್ತಾನೆ: ಕಲ್ಲೊಡೆಯುವ ಹುವಾನ್, ಬರಿಗಾಲಿನ ಹುವಾನ್. ನನ್ನ ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಹಿಡಿದು ಒಬ್ಬೊಬ್ಬರ ಹೆಸರು ಕೂಗುವುದು ಅವರ ಕೆಲಸ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಆ ಹೆಸರುಗಳನ್ನು ಕೇಳಿಕೊಂಡು ಬೆಳೆದ ನನಗೆ ಆ ಕವಿತೆ ನಮ್ಮ ಅಂಗಳದ್ದೇ ಅನ್ನಿಸಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ತಿಂಗಳಿಗೊಂದು ಭಾನುವಾರ ಏಳೆಂಟು ಜನ ಕೂತು ಓದುತ್ತೇವೆ. ಜುಲೈ 12 ನೆರೂಡನ ಹುಟ್ಟುಹಬ್ಬ, ಹಾಗಾಗಿ ಜುಲೈ ಭಾನುವಾರ ಅವನಿಗೇ ಅಂತ ಇಟ್ಟುಕೊಂಡಿದ್ದೆವು. ನಮ್ಮ ಬಳಗದಲ್ಲಿ ಡಿಗ್ರಿ ಓದುವ ಒಬ್ಬ ಹುಡುಗಿ ಇದ್ದಾಳೆ. ಅವಳ ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ, ಮನೆ ಲೈನ್‌ನಲ್ಲೇ. ಅವಳು ನೆರೂಡನ ಆತ್ಮಕಥೆಯನ್ನು ಇಂಗ್ಲಿಷಿನಲ್ಲಿ ಓದಿ, ಒಂದು ಪುಟವನ್ನು ಮೊಬೈಲ್‌ನಲ್ಲಿ ತೆಗೆದು ನನ್ನ ಮುಂದೆ ಹಿಡಿದಳು. ನಾನು ಅವನ ಕವಿತೆ ಮಾತ್ರ ಓದಿದ್ದವಳು.

ಆ ಪುಟದಲ್ಲಿ ಇರುವುದು ಇಷ್ಟು. 1929ರಲ್ಲಿ ನೆರೂಡ ಚಿಲಿ ದೇಶದ ಕಾನ್ಸಲ್ ಆಗಿ ಕೊಲಂಬೊದಲ್ಲಿದ್ದ. ವೆಳ್ಳವತ್ತೆಯಲ್ಲಿ ಸಮುದ್ರದ ಹತ್ತಿರ ಬಂಗಲೆ. ಕಕ್ಕಸು ಹಳೇ ಕಾಲದ್ದು, ಕೆಳಗೆ ಬಕೆಟ್ ಇಡುವಂಥದ್ದು. ಬೆಳಿಗ್ಗೆ ನೋಡಿದರೆ ಬಕೆಟ್ ಖಾಲಿ ಇರುತ್ತಿತ್ತು. ಯಾರು ತೆಗೆಯುತ್ತಾರೆ ಅಂತ ಗೊತ್ತಿರಲಿಲ್ಲ. ಒಂದು ದಿನ ಬೇಗ ಎದ್ದಾಗ ಅವಳು ಕಂಡಳು. ತಮಿಳು ಹೆಂಗಸು, ಊರವರು ಮುಟ್ಟಿಸಿಕೊಳ್ಳದ ಜಾತಿಯವಳು. ಇವನು ಅವಳು ಬರುವ ದಾರಿಯಲ್ಲಿ ರೇಷ್ಮೆ ಬಟ್ಟೆ ಇಟ್ಟ, ಹಣ್ಣು ಇಟ್ಟ. ಅವಳು ತಿರುಗಿಯೂ ನೋಡಲಿಲ್ಲ. ಒಂದು ಬೆಳಿಗ್ಗೆ ಅವಳ ಕೈಯನ್ನು ಬಲವಾಗಿ ಹಿಡಿದು ಒಳಗೆ ಕರೆದುಕೊಂಡು ಹೋದ. ಅವಳಿಗೂ ಇವನಿಗೂ ಆಡಲು ಒಂದು ಭಾಷೆ ಇರಲಿಲ್ಲ. ಅಷ್ಟು ಹೊತ್ತೂ ಅವಳು ಕಣ್ಣು ತೆರೆದುಕೊಂಡೇ ಇದ್ದಳು ಅಂತ ಅವನೇ ಬರೆದಿದ್ದಾನೆ. ಅವಳು ನನ್ನನ್ನು ತಿರಸ್ಕಾರದಿಂದ ಕಂಡದ್ದು ಸರಿಯೇ ಅಂತಲೂ ಬರೆದಿದ್ದಾನೆ. ಅಲ್ಲಿಗೆ ಮುಗಿಯಿತು. ಮುಂದೆ ಬೇರೆ ಕಥೆ.

ಹುಡುಗಿ ನನ್ನನ್ನು ಕೇಳಿದಳು: "ಅಕ್ಕ, ನಮ್ಮಮ್ಮನ ಹೆಸರು ಚೆಕ್‌ರೋಲ್‌ನಲ್ಲಾದರೂ ಇದೆ. ಇವಳ ಹೆಸರು ಏನು ಅಂತ ಕೇಳಬೇಕು ಅಂತಲೂ ಇವನಿಗೆ ಅನ್ನಿಸಲಿಲ್ವಾ?"

ನನ್ನಲ್ಲಿ ಉತ್ತರ ಇರಲಿಲ್ಲ. ನೂರಾರು ವರ್ಷ ಹಿಂದೆ ಸತ್ತ ಕೂಲಿಯವನ ಹೆಸರಿಗೆ ಹುಡುಕಾಡಿದವನು ತನ್ನ ಮನೆಯ ಕಕ್ಕಸು ತೊಳೆದವಳ ಹೆಸರು ಕೇಳಲಿಲ್ಲ. ಇದು ನನಗೆ ತಡೆದುಕೊಳ್ಳಲು ಆಗುತ್ತಿಲ್ಲ. ಜುಲೈ ಭಾನುವಾರ ಏನು ಮಾಡಲಿ? ನೆರೂಡನನ್ನು ಕೈಬಿಡಬೇಕಾ? ಓದುವುದಾದರೆ ಆ ಹುಡುಗಿಯ ಎದುರು ಹೇಗೆ ಓದಲಿ? ನಿಮಗೆ ಹೀಗೆ ಆಗಿದ್ದರೆ ಏನು ಮಾಡಿದಿರಿ ಅಂತ ಹೇಳಿ.

ಹಾರಂಗಿ ದಂಡೆ (ಕುಶಾಲನಗರ)

ಕಾಫಿಹೂ ಅವರೇ, ನಾನು ಸೈನ್ಯದಿಂದ ನಿವೃತ್ತನಾದವನು. ಲೇಹ್‌ನಲ್ಲಿ ಪೋಸ್ಟಿಂಗ್ ಇದ್ದಾಗ ಟ್ರಂಕಿನಲ್ಲಿ ಎರಡೇ ಪುಸ್ತಕ ಇದ್ದವು, ಒಂದು ನೆರೂಡನದು. ಚಳಿಗೆ ಕೈ ಮರಗಟ್ಟಿ ಪುಟ ತಿರುಗಿಸಲು ಆಗದ ರಾತ್ರಿಗಳಲ್ಲಿ ಆ ಸಾಲುಗಳು ನನ್ನ ಜೊತೆಗಿದ್ದವು. ಅದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ಬರೆದವನಿಂದಲೂ ಆಗುವುದಿಲ್ಲ.

ಅವನು ಮಾಡಿದ್ದು ಅಪರಾಧವೇ. ನಾನು ಸಣ್ಣದು ಮಾಡಿ ಹೇಳುತ್ತಿಲ್ಲ. ಆದರೆ ಅದೇ ಮನುಷ್ಯ 1939ರಲ್ಲಿ, ಸ್ಪೇನಿನ ಯುದ್ಧದಲ್ಲಿ ಸೋತು ಫ್ರಾನ್ಸಿನ ಕ್ಯಾಂಪುಗಳಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 2,200 ಜನರನ್ನು ವಿನಿಪೆಗ್ ಅನ್ನುವ ಹಡಗಿನಲ್ಲಿ ಚಿಲಿಗೆ ಕಳಿಸಿಕೊಟ್ಟ. ಆ ಮಕ್ಕಳು ಮೊಮ್ಮಕ್ಕಳು ಈಗಲೂ ಅವನನ್ನು ನೆನೆಯುತ್ತಾರೆ. ಆ ಪುಟ ಇದೆ ಅಂತ ಈ ಹಡಗು ಮುಳುಗಿಹೋಗುತ್ತದಾ?

ಇನ್ನೊಂದು ಮಾತು. ಅವನು ಸತ್ತಿದ್ದು 1973ರ ಸೆಪ್ಟೆಂಬರ್ 23ಕ್ಕೆ. ಶಿಕ್ಷೆ ಕೊಡಲು ಈಗ ಯಾರೂ ಇಲ್ಲ. ಪುಸ್ತಕ ಮುಚ್ಚಿಟ್ಟರೆ ಶಿಕ್ಷೆ ಆಗುವುದು ನಿಮಗೆ, ನಿಮ್ಮ ಬಳಗದ ಮಕ್ಕಳಿಗೆ. ಈರುಳ್ಳಿ ಕವಿತೆ ಯಾರಿಗೂ ಏನೂ ಮಾಡಿಲ್ಲ. ಆ ಹುಡುಗಿಗೆ ಅದನ್ನೇ ಹೇಳಿ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದು ಹೇಳಿದೆ.

ಸಂಪಾಜೆ ಆಚೆಯವನು (ಮಡಿಕೇರಿ)

ಹಾರಂಗಿ ಅಣ್ಣ, ನಿಮ್ಮ ಮೇಲೆ ಕೋಪ ಇಲ್ಲ. ಲೇಹ್‌ನ ರಾತ್ರಿ ನಿಮ್ಮದು, ಅದು ನಿಮ್ಮ ಹತ್ತಿರವೇ ಇರಲಿ. ಆದರೆ ಈ ವಿಷಯ ನನಗೆ ಬೇರೆ ಕಡೆಯಿಂದ ಕಾಣುತ್ತದೆ.

ನಾನು ಮಡಿಕೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನಮ್ಮ ಮನೆ ಘಾಟಿ ಇಳಿದ ಮೇಲೆ ಸುಳ್ಯದ ಕಡೆ, ರಬ್ಬರ್ ಪ್ಲಾಂಟೇಶನ್ ಕಾಲನಿಯಲ್ಲಿ. ನಾವು ಲಂಕೆಯಿಂದ ಬಂದ ತಮಿಳರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಲಂಕೆಯ ಪ್ರಧಾನಿ ಸಿರಿಮಾವೋ ಅವರೂ ಒಪ್ಪಂದ ಮಾಡಿಕೊಂಡರಲ್ಲ, 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ ಅಂತ ಹಂಚಿಕೊಂಡರು. ಆ ಲೆಕ್ಕದಲ್ಲಿ ಬಂದವರು. ನಮ್ಮಜ್ಜಿ ಹ್ಯಾಟನ್ ಹತ್ತಿರದ ಟೀ ಎಸ್ಟೇಟಿನಲ್ಲಿ ಹುಟ್ಟಿದವರು. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಕ್ಯಾಂಪು, ಆಮೇಲೆ ಇಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ. ಸಾಯುವವರೆಗೂ ಅವರ ಬೆರಳಿನ ಸಂದಿಯಲ್ಲಿ ರಬ್ಬರ್ ಹಾಲಿನ ಕರೆ ಹೋಗಲಿಲ್ಲ.

ಅಜ್ಜಿ ಒಂದು ವಿಷಯ ಹೇಳುತ್ತಿದ್ದರು. ಎಸ್ಟೇಟಿನಲ್ಲಿ ದೊರೆ ಬಂಗಲೆಯ ಕೆಲಸಕ್ಕೆ ಕರೆ ಬಂದರೆ ತಾಯಂದಿರು ದೊಡ್ಡ ಹುಡುಗಿಯರನ್ನು ಒಂಟಿಯಾಗಿ ಕಳಿಸುತ್ತಿರಲಿಲ್ಲವಂತೆ. ಜೊತೆಗೆ ತಮ್ಮನನ್ನೋ ಮುದುಕಿಯನ್ನೋ ಕಳಿಸುತ್ತಿದ್ದರಂತೆ. ಯಾಕೆ ಅಂತ ನಾನು ಚಿಕ್ಕವನಿದ್ದಾಗ ಕೇಳಿದರೆ "ಹಾಗೇ" ಅನ್ನುತ್ತಿದ್ದರು. ಕೊಲಂಬೊದ ಆ ಹೆಂಗಸಿನ ಜೊತೆ ಬೆಳಗಿನ ಜಾವ ಯಾರೂ ಇರಲಿಲ್ಲ. ಆ ಪುಟ ಓದಿದಾಗ ನನಗೆ ಮೊದಲು ಹೊಳೆದದ್ದು ಅದೇ.

ಈಗ ನನ್ನ ಮುಖ್ಯ ಮಾತು. ಆ ಪುಟವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಆತ್ಮಕಥೆ ಸ್ಪ್ಯಾನಿಷ್‌ನಲ್ಲಿ ಬಂದದ್ದು 1974ರಲ್ಲಿ, ಇಂಗ್ಲಿಷಿಗೆ ಬಂದದ್ದು 1977ರಲ್ಲಿ. ಲಕ್ಷಗಟ್ಟಲೆ ಜನ ಓದಿದರು. ದೊಡ್ಡ ದೊಡ್ಡವರು ಓದಿದರು. ಆದರೂ ಅದು ದೊಡ್ಡ ಗಲಾಟೆ ಆಗಲು ಸುಮಾರು ನಲವತ್ತು ವರ್ಷ ಬೇಕಾಯಿತು. ಯಾಕೆ ಅಂತ ತಿಳಿಯಬೇಕಾದರೆ ಆ ಪುಟವನ್ನು ನಿಧಾನವಾಗಿ ಓದಿ ನೋಡಿ. ಅವಳ ಸೀರೆಯ ಕೆಂಪು ಮತ್ತು ಬಂಗಾರದ ಬಣ್ಣ, ಬರಿಗಾಲಿನ ಭಾರದ ಬಳೆ, ಮೂಗಿನ ಎರಡೂ ಕಡೆ ಮಿನುಗುವ ಕೆಂಪು ಚುಕ್ಕೆ. ಅವಳು ತಲೆಯ ಮೇಲೆ ಹೊತ್ತಿರುವುದು ಇವನ ಹೇಲಿನ ಬಕೆಟ್ಟು, ಓದುವವನಿಗೆ ಕಾಣುವುದು ರಾಣಿ. ಕೊನೆಗೆ ದಕ್ಷಿಣ ಭಾರತದ ಸಾವಿರ ವರ್ಷದ ಶಿಲ್ಪಕ್ಕೆ ಹೋಲಿಸುತ್ತಾನೆ. ಶಿಲ್ಪ ಅಂದಮೇಲೆ ಅದಕ್ಕೆ ನೋವಾಗುವುದಿಲ್ಲವಲ್ಲ. ಓದುವವನು ವರ್ಣನೆಯ ಜೊತೆಗೇ ಜಾರಿ ಮುಂದೆ ಹೋಗುತ್ತಾನೆ.

ಈರುಳ್ಳಿಯನ್ನು ಬೆಳಗಿಸಿದ ಕೈಚಳಕವೇ ಇಲ್ಲಿಯೂ ಕೆಲಸ ಮಾಡಿದೆ ಅಣ್ಣ. ಅದಕ್ಕೇ ಕವಿತೆ ಬೇರೆ ಮನುಷ್ಯ ಬೇರೆ ಅಂತ ಹೇಳಲು ನನಗೆ ಆಗುತ್ತಿಲ್ಲ. ಅಪರಾಧವನ್ನು ಎಲ್ಲರ ಕಣ್ಣೆದುರೇ ಇಟ್ಟು, ಯಾರಿಗೂ ಕಾಣದ ಹಾಗೆ ಮಾಡಿದ್ದು ಅವನ ಪ್ರತಿಭೆಯೇ. ಹಡಗಿನ ವಿಷಯ ನಿಜ, ಅದು ದೊಡ್ಡ ಕೆಲಸ. 2,200 ಜನರ ಉಪಕಾರ ಅವರದ್ದು, ಅವರು ನೆನೆಯಲಿ. ಈ ಹೆಂಗಸಿನ ಲೆಕ್ಕಕ್ಕೆ ಅದನ್ನು ಜಮಾ ಮಾಡಲು ಬರುವುದಿಲ್ಲ.

ಚಿಲಿಯವರೇ ಇದನ್ನು ಸುಮ್ನೆ ಬಿಡಲಿಲ್ಲ. 2018ರಲ್ಲಿ ಸಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂಡನ ಹೆಸರು ಇಡಲು ಅಲ್ಲಿನ ಸಂಸತ್ತಿನ ಒಂದು ಸಮಿತಿ ಒಪ್ಪಿತ್ತು. ಹೆಣ್ಣುಮಕ್ಕಳು ವಿರೋಧಿಸಿದರು, ಹೆಸರು ಬದಲಾಗಲಿಲ್ಲ. ನೆರೂಡನ ಒಂದು ಹೆಸರಾಂತ ಪ್ರೇಮ ಕವಿತೆ ಇದೆ, 1924ರದ್ದು. ನೀನು ಮಾತಾಡದೆ ಇದ್ದಾಗ ನನಗೆ ಇಷ್ಟ, ಆಗ ನೀನು ಇಲ್ಲವೇ ಇಲ್ಲ ಅನ್ನುವ ಹಾಗಿರುತ್ತೀ ಅಂತ ಶುರುವಾಗುತ್ತದೆ. ಅದಕ್ಕೆ ಅಲ್ಲಿನ ಹೆಂಗಸರು ಕೊಟ್ಟ ಉತ್ತರ, "ನೆರೂಡ, ನೀನು ಬಾಯಿ ಮುಚ್ಚು." ಶ್ರೀಲಂಕಾದ ನಿರ್ದೇಶಕ ಅಶೋಕ ಹಂದಗಮ 2021ರಲ್ಲಿ ಕೊಲಂಬೊದ ಆ ದಿನಗಳ ಬಗ್ಗೆ "ಅಲ್ಬೊರಾಡ" ಅಂತ ಸಿನಿಮಾವನ್ನೇ ಮಾಡಿದರು.

ಕಾಫಿಹೂ ಅಕ್ಕ, ಆ ಹುಡುಗಿ ಕೇಳಿದ ಹೆಸರು ನಮಗೆ ಇನ್ನು ಸಿಗುವುದಿಲ್ಲ. ಆದರೆ ಅವಳ ಬಗ್ಗೆ ಒಂದು ಸಂಗತಿ ಗೊತ್ತಿದೆ. ರೇಷ್ಮೆ ಇಟ್ಟರೂ ತೆಗೆದುಕೊಳ್ಳಲಿಲ್ಲ, ಹಣ್ಣು ಇಟ್ಟರೂ ಮುಟ್ಟಲಿಲ್ಲ. ಬೇಡ ಅಂತ ಅವಳು ಎಷ್ಟೋ ಸಲ ಹೇಳಿದ್ದಾಳೆ. ಅದು ಅವನ ಪುಸ್ತಕದಲ್ಲೇ ಇದೆ. ನೀವು ನೆರೂಡನನ್ನು ಓದಿ, ಬೇಡ ಅನ್ನುವುದಿಲ್ಲ. ಆ ಪುಟವನ್ನೂ ಓದಿ, ಮೊದಲು ಅದನ್ನೇ ಓದಿ.

ಕಾಫಿಹೂ (ಸುಂಟಿಕೊಪ್ಪ)

ಸಂಪಾಜೆ ಅಣ್ಣ, ನಿಮ್ಮದನ್ನು ಆಫೀಸಿನಲ್ಲಿ ಓದಿದೆ. ಆಮೇಲೆ ಲೆಕ್ಕದ ಪುಸ್ತಕ ತೆರೆಯಲು ಆಗಲಿಲ್ಲ. ಶಿಲ್ಪಕ್ಕೆ ನೋವಾಗುವುದಿಲ್ಲ ಅಂದಿರಲ್ಲ, ನನಗೆ ಬಾಯಿಗೆ ಬಾರದೆ ಇದ್ದದ್ದು ಅದೇ. ಹಾರಂಗಿ ಸಾರ್, ನಿಮಗೂ ಥ್ಯಾಂಕ್ಸ್. ನಿಮ್ಮ ಮಾತು ನನ್ನ ಮನಸ್ಸಿನಲ್ಲೂ ಇದೆ, ಅದು ಇಲ್ಲದಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ.

ಹೆಸರು ಬೇಡ

ಊರು ಹಾಕುತ್ತಿಲ್ಲ. ಕೊಡಗು ಎಷ್ಟು ಸಣ್ಣದು ಅಂತ ನಿಮಗೆ ಗೊತ್ತು. ಮನೆಹೆಸರಿನ ಮೊದಲ ಅಕ್ಷರ ಸಿಕ್ಕಿದರೆ ಸಾಕು, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದಾರೆ ಅಂತ ಸಂಜೆಯೊಳಗೆ ಹೇಳಿಬಿಡುತ್ತಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಬರುತ್ತಿದ್ದ ಬರಹಗಾರರೊಬ್ಬರು ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡರು. ಈ ಜಿಲ್ಲೆಯವರಲ್ಲ, ಊಹಿಸಲು ಹೋಗಬೇಡಿ. ಅದರ ವಿವರ ಬರೆಯುವುದಿಲ್ಲ. ಇಲ್ಲಿ ಎಲ್ಲರೂ ಓದುಗರು ಏನು ಮಾಡಬೇಕು ಅಂತ ಮಾತಾಡುತ್ತಿದ್ದೀರಿ. ಆ ಕಡೆ ಇರುವವಳಿಗೆ ಹೇಗಿರುತ್ತದೆ ಅಂತ ಒಬ್ಬರಾದರೂ ಹೇಳಬೇಕು ಅನ್ನಿಸಿತು.

ಆಲಿಸ್ ಮನ್ರೋ ಹೆಸರು ಕೇಳಿರುತ್ತೀರಿ. ಕೆನಡಾದ ಕಥೆಗಾರ್ತಿ, 2013ರಲ್ಲಿ ನೊಬೆಲ್ ಬಂತು. ಒಂಟಾರಿಯೊದ ಸಣ್ಣ ಊರುಗಳ ಕಥೆ ಬರೆಯುತ್ತಿದ್ದರು. ಎಲ್ಲರಿಗೂ ಎಲ್ಲವೂ ಗೊತ್ತಿದ್ದು ಯಾರೂ ಬಾಯಿಬಿಡದ ಊರುಗಳು. ಓದುವಾಗ ನಮ್ಮ ಕಡೆಯವರೇ ಅನ್ನಿಸುತ್ತಿತ್ತು. 2024ರ ಮೇನಲ್ಲಿ ಅವರು ತೀರಿಕೊಂಡರು. ಜುಲೈನಲ್ಲಿ ಅವರ ಕೊನೆಯ ಮಗಳು ಆಂಡ್ರಿಯಾ ಸ್ಕಿನ್ನರ್ ಟೊರೊಂಟೊ ಸ್ಟಾರ್ ಪತ್ರಿಕೆಯಲ್ಲಿ ಬರೆದರು. 1976ರಲ್ಲಿ, ತನಗೆ 9 ವರ್ಷ ಆಗಿದ್ದಾಗ, ಅಮ್ಮನ ಎರಡನೇ ಗಂಡ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಶುರು ಮಾಡಿದ ಅಂತ. ಅಪ್ಪನಿಗೆ ಆಗಲೇ ಗೊತ್ತಾಯಿತು. ಅಪ್ಪ ಅಮ್ಮನಿಗೆ ಹೇಳಲಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಅಮ್ಮನ ಮನೆಗೇ ಕಳಿಸಿದರು. 1992ರಲ್ಲಿ ಆಂಡ್ರಿಯಾ ತಾನೇ ಅಮ್ಮನಿಗೆ ಕಾಗದ ಬರೆದರು. ಅಮ್ಮ ಕೆಲವು ತಿಂಗಳು ಮನೆ ಬಿಟ್ಟಿದ್ದು, ತಿರುಗಿ ಅದೇ ಗಂಡನ ಹತ್ತಿರ ಹೋದರು. 2005ರಲ್ಲಿ ಅವನು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಆಗಲೂ ಸುದ್ದಿ ಹೊರಗೆ ಬರಲಿಲ್ಲ. ಜೀವನಚರಿತ್ರೆ ಬರೆದವರಿಗೂ ಗೊತ್ತಿತ್ತು, ಅವರೂ ಪುಸ್ತಕದಲ್ಲಿ ಸೇರಿಸಲಿಲ್ಲ. ನೊಬೆಲ್ ಬಂದಾಗ ಲೋಕವೆಲ್ಲ ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆಯ ಸದ್ದು ನನಗೆ ಗೊತ್ತು. ನನಗೆ ಹಾಗೆ ಮಾಡಿದವರಿಗೂ ಸನ್ಮಾನ ಆಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಫೋಟೋ ನಮ್ಮ ವಾಟ್ಸಾಪ್ ಗ್ರೂಪಿಗೂ ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದವರಲ್ಲಿ ಇಬ್ಬರಿಗೆ ನನ್ನ ವಿಷಯ ಗೊತ್ತಿತ್ತು. ನಾನೇ ಹೇಳಿದ್ದೆ. ಅವರೂ ನಗುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ಜನ ಅವರ ಪುಸ್ತಕ ಓದುತ್ತಾರೆ ಅಂತ ನನಗೆ ಅಷ್ಟು ಸಂಕಟ ಆಗಿರಲಿಲ್ಲ. ಆ ಫೋಟೋ ನೋಡಿ ಊಟ ಸೇರಲಿಲ್ಲ.

ನನಗೆ ಸಮಾಧಾನ ಕೊಟ್ಟ ಒಂದು ವಿಷಯವೂ ಹೇಳುತ್ತೇನೆ. ಚಿಕ್ಕಮ್ಮನಿಗೆ ಹೇಳಿದ ಮೇಲೆ ಅವರು ಏನೂ ಕೇಳಲಿಲ್ಲ. "ಪಾಪ, ಹೀಗಾಯ್ತಾ" ಅಂತಲೂ ಅನ್ನಲಿಲ್ಲ. ಮುಂದಿನ ಸಲ ಹೋದಾಗ ಹಾಲ್‌ನ ಗಾಜಿನ ಬೀರುವಿನಲ್ಲಿ ಆ ಮನುಷ್ಯನ ಪುಸ್ತಕಗಳು ಇರಲಿಲ್ಲ. ಆ ಜಾಗದಲ್ಲಿ ಹಾಕಿ ಆಟದಲ್ಲಿ ಗೆದ್ದ ಕಪ್ಪುಗಳನ್ನು ಜೋಡಿಸಿದ್ದರು. ಚಿಕ್ಕಪ್ಪನಿಗೆ ಆ ಪುಸ್ತಕಗಳೆಂದರೆ ಪ್ರಾಣ. ಮನೆಯಲ್ಲಿ ಮಾತುಕತೆ ಆಗಿರಲೇಬೇಕು. ನನಗೆ ಯಾರೂ ಹೇಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ತುಂಬ ಹೊತ್ತು ಅತ್ತೆ.

ಮನ್ರೋ ಕಥೆಗಳನ್ನು ನಾನು ಈಗಲೂ ಓದುತ್ತೇನೆ. ಕೇಳಿದರೆ ಕೆಲವರಿಗೆ ಆಶ್ಚರ್ಯ ಆಗುತ್ತದೆ. ಮಗಳ ಕಾಗದ ಬಂದ ಮರುವರ್ಷ, 1993ರಲ್ಲಿ, ಅವರ "ವ್ಯಾಂಡಲ್ಸ್" ಅನ್ನುವ ಕಥೆ ಬಂತು. ಅದರಲ್ಲಿ ಒಬ್ಬ ಹೆಂಗಸು ತನ್ನ ಜೊತೆ ಇರುವ ಗಂಡಸು ಪಕ್ಕದ ಮನೆಯ ಮಕ್ಕಳಿಗೆ ಮಾಡುತ್ತಿರುವುದನ್ನು ನೋಡಿಯೂ ನೋಡದ ಹಾಗೆ ಇರುತ್ತಾಳೆ. ಅವಳು ಮನಸ್ಸು ಮಾಡಿದರೆ ನಮ್ಮನ್ನು ಕಾಪಾಡಬಹುದು ಅಂತ ಆ ಮಕ್ಕಳಲ್ಲಿ ಹುಡುಗಿಗೆ ಅನ್ನಿಸುತ್ತದೆ. ಅವಳು ಮನಸ್ಸು ಮಾಡುವುದಿಲ್ಲ. ಅಂದರೆ ಬರೆದವರಿಗೆ ಎಲ್ಲಾ ಅರ್ಥವಾಗಿತ್ತು. ಅರ್ಥವಾಗಿಯೂ ಆ ಮನೆಯಲ್ಲೇ ಇದ್ದರು. ಗೊತ್ತಿದ್ದವರು ಹೇಗೆ ಸುಮ್ಮನಿರುತ್ತಾರೆ ಅಂತ ತಿಳಿಯಲು ನಾನು ಅದನ್ನು ಓದುತ್ತೇನೆ. ಆ ಮುಂದಿನ ಸಾಲಿನ ಇಬ್ಬರನ್ನು ಅರ್ಥ ಮಾಡಿಕೊಳ್ಳಲು ಓದುತ್ತೇನೆ.

ಆಂಡ್ರಿಯಾ ಅಮ್ಮನ ಪುಸ್ತಕ ಸುಡಿ ಅನ್ನಲಿಲ್ಲ. ಅಮ್ಮನ ಬಗ್ಗೆ ಜನ ಹೇಳುವ ಕಥೆಗಳಲ್ಲಿ ತನ್ನ ಕಥೆಯೂ ಸೇರಬೇಕು ಅಂತ ಕೇಳಿದರು. ಕಾಫಿಹೂ ಅವರ ಬಳಗದ ಹುಡುಗಿ ಕೇಳುತ್ತಿರುವುದೂ ಅದನ್ನೇ ಅಂತ ನನಗೆ ಅನ್ನಿಸುತ್ತದೆ.

ಕೀರೆಹೊಳೆ (ಗೋಣಿಕೊಪ್ಪ)

ಹೆಸರು ಬೇಡ ಅಂದವರಿಗೆ ಮೊದಲು ಬರೆಯುತ್ತೇನೆ. ನಾನು ವಕೀಲೆ. ನೀವು ಏನಾದರೂ ಮಾಡಲೇಬೇಕು ಅಂತ ಹೇಳುತ್ತಿಲ್ಲ, ಅದು ಪೂರ್ತಿ ನಿಮ್ಮ ಇಷ್ಟ. ಗೊತ್ತಿರಲಿ ಅಂತ ಹೇಳುತ್ತೇನೆ. 3 ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಿಗೆ, ಇಷ್ಟು ವರ್ಷದೊಳಗೇ ದೂರು ಕೊಡಬೇಕು ಅನ್ನುವ ಗಡುವು ನಮ್ಮ ಕಾನೂನಿನಲ್ಲಿ ಇಲ್ಲ. ಘಟನೆ ಯಾವಾಗ ಆಯಿತು ಅನ್ನುವುದರ ಮೇಲೆ ಯಾವ ಕಾನೂನು ಅನ್ವಯ ಆಗುತ್ತದೆ ಅನ್ನುವುದು ಬದಲಾಗುತ್ತದೆ. ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ) ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ, ಅದಕ್ಕೂ ಹಿಂದಿನದಾದರೆ ಹಳೇ ದಂಡಸಂಹಿತೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಪುಕ್ಕಟೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಸುಮ್ನೆ ಮಾತಾಡಬೇಕು ಅನ್ನಿಸಿದರೆ ಮಹಿಳಾ ಸಹಾಯವಾಣಿ 181 ಇದೆ. ಮಕ್ಕಳಿಗೆ 1098.

ಎಲ್ಲರಿಗೂ ಇನ್ನೊಂದು ಮಾತು. "ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು" ಅಂತ ಯಾರಾದರೂ ಕೇಳಿದರೆ 2021ರ ಫೆಬ್ರವರಿ 17ರ ದೆಹಲಿ ಕೋರ್ಟಿನ ತೀರ್ಪು ನೆನಪು ಮಾಡಿ. ತನಗೆ ಹಿಂದೆ ಆದ ಲೈಂಗಿಕ ಕಿರುಕುಳದ ಬಗ್ಗೆ ಬಾಯಿಬಿಟ್ಟ ಪತ್ರಕರ್ತೆ ಪ್ರಿಯಾ ರಮಣಿ ಮೇಲೆ ಹಾಕಿದ್ದ ಮಾನನಷ್ಟ ಕೇಸು ಅದು. ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಹೆಣ್ಣು ತನ್ನ ಅಹವಾಲನ್ನು ದಶಕಗಳು ಕಳೆದ ಮೇಲೂ ತನಗೆ ಸರಿ ಅನ್ನಿಸಿದ ವೇದಿಕೆಯಲ್ಲಿ ಹೇಳಬಹುದು, ಒಬ್ಬರ ಹೆಸರು ಉಳಿಸಲು ಇನ್ನೊಬ್ಬರ ಘನತೆಯನ್ನು ಬಲಿಕೊಡಲು ಆಗುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿತು.

ಪುಸ್ತಕ ಕೊಳ್ಳುವ ವಿಷಯಕ್ಕೆ ಬಂದರೆ, ಬರೆದವರು ಬದುಕಿದ್ದರೆ ದುಡ್ಡು ಅವರಿಗೆ ಹೋಗುತ್ತದೆ. ನಾನು ಅಂಥವರ ಪುಸ್ತಕ ಕೊಳ್ಳುವುದಿಲ್ಲ, ಬೇಕಾದರೆ ಲೈಬ್ರರಿಯಲ್ಲಿ ಓದುತ್ತೇನೆ. ಪ್ರಕಾಶಕರೂ ಏನಾದರೂ ಮಾಡಬಹುದು. ಅಮೆರಿಕದ ಲೇಖಕಿ ಮೇರಿಯನ್ ಜಿಮ್ಮರ್ ಬ್ರಾಡ್ಲಿ ತೀರಿಕೊಂಡು 15 ವರ್ಷದ ಮೇಲೆ, 2014ರಲ್ಲಿ, ಅವರ ಮಗಳು ಅಮ್ಮ ತನ್ನ ಮೇಲೆ ದೌರ್ಜನ್ಯ ಮಾಡಿದ್ದರು ಅಂತ ಹೇಳಿದರು. ಬ್ರಿಟನ್ನಿನ ಗೊಲಾಂಜ್ ಪ್ರಕಾಶನ ಅವರ ಇ-ಪುಸ್ತಕಗಳಿಂದ ಬರುವ ಹಣವನ್ನು ಮಕ್ಕಳ ಸಂಸ್ಥೆಯೊಂದಕ್ಕೆ ಕೊಡಲು ಶುರು ಮಾಡಿತು. ನಮ್ಮಲ್ಲಿ ಸನ್ಮಾನ ಸಮಿತಿಯವರು ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವ ಮೊದಲು ನಾಲ್ಕು ಕಡೆ ವಿಚಾರಿಸಿದರೂ ಸಾಕು. ಗೊತ್ತಿರುವವರು ಮುಂದಿನ ಸಾಲಿನಲ್ಲಿ ಕೂರದಿದ್ದರೆ ಸಾಕು.

ಹಾರಂಗಿ ದಂಡೆ (ಕುಶಾಲನಗರ)

ಹೆಸರು ಬೇಡ ಅಂದ ಮಗಳೇ, ನಿನ್ನದನ್ನು ಓದಿದೆ. ನನ್ನ ಮನೆಯವಳಿಗೂ ಓದಿ ಹೇಳಿದೆ. ನೀನು ಇಲ್ಲಿ ಬರೆದದ್ದು ದೊಡ್ಡದು.

ನನ್ನ ಟ್ರಂಕಿನ ಪುಸ್ತಕ ನಾನು ಬಿಡುವುದಿಲ್ಲ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಶಿಕ್ಷೆ ಕೊಡಲು ಯಾರೂ ಇಲ್ಲ ಅಂತ ಬರೆದಾಗ ನಾನು ಅವನನ್ನು ಮಾತ್ರ ಯೋಚಿಸಿದ್ದೆ. ಕಾಫಿಹೂ ಅವರೇ, ಜುಲೈ ಭಾನುವಾರ ನಾನೂ ಬರಬಹುದಾ? ಆ ಪುಟವನ್ನು ನಾಲ್ಕು ಜನರ ಜೊತೆ ಕೂತು ಕೇಳಬೇಕು.

ಕಾಫಿಹೂ (ಸುಂಟಿಕೊಪ್ಪ)

ಬನ್ನಿ ಸಾರ್, ಖಂಡಿತ ಬನ್ನಿ.

ಎಲ್ಲರದ್ದನ್ನೂ ಆ ಹುಡುಗಿಗೆ ತೋರಿಸಿದೆ. ನಮ್ಮ ಮನೆ ಜಗಲಿಯಲ್ಲೇ ಕೂತು, ಒಂದೊಂದಾಗಿ ಓದಿದಳು. "ಹೆಸರು ಬೇಡ" ಅವರದ್ದು ಓದಿ ಮೊಬೈಲ್ ಕೆಳಗಿಟ್ಟು ಸುಮ್ಮನೆ ಕೂತಳು. ಆಮೇಲೆ ನಾವಿಬ್ಬರೂ ಸೇರಿ ಜುಲೈ ಭಾನುವಾರದ ವಿಷಯ ಮಾತಾಡಿದೆವು. ಮಿಕ್ಕವರಿಗೂ ಫೋನ್ ಮಾಡಿದೆ. ಒಬ್ಬರು "ಇದೆಲ್ಲ ಯಾಕೆ, ಬೇರೆ ಕವಿ ಇಲ್ವಾ" ಅಂದರು. ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಹುಟ್ಟುಹಬ್ಬ ಅಂತ ಮಾಡುವುದಿಲ್ಲ. ಫೋಟೋ ಇಡುವುದಿಲ್ಲ, ಹೂ ಇಡುವುದಿಲ್ಲ. ಮೊದಲು ಆ ಪುಟ ಓದುತ್ತೇವೆ. ಅವಳೇ ಅದನ್ನು ಕನ್ನಡಕ್ಕೆ ಮಾಡುತ್ತಿದ್ದಾಳೆ, ಅರ್ಧ ಆಗಿದೆ. ಸೀರೆ, ಬಳೆ, ಶಿಲ್ಪ ಯಾವುದನ್ನೂ ಬಿಡುವುದಿಲ್ಲವಂತೆ. ಅವನು ಹೇಗೆ ಬರೆದಿದ್ದಾನೋ ಹಾಗೇ ಎಲ್ಲರಿಗೂ ಕೇಳಿಸಲಿ, ಎಲ್ಲಿ ನಾವು ಜಾರುತ್ತೇವೆ ಅಂತ ನಮಗೇ ಗೊತ್ತಾಗಲಿ ಅಂದಳು. ಅವಳದ್ದು ಒಂದೇ ಷರತ್ತು: ಓದಿ ಮುಗಿಸುವವರೆಗೆ ಯಾರೂ ಮಧ್ಯೆ ಬಾಯಿ ಹಾಕಿ "ಆದರೆ" ಅನ್ನಬಾರದು. ಆಮೇಲೆ ಮಾಚು ಪಿಚು ಕವಿತೆಯ ಹೆಸರಿಟ್ಟು ಕರೆಯುವ ಭಾಗ ನಾನು ಓದುತ್ತೇನೆ. ಅದನ್ನು ಬಿಡಲು ನನ್ನ ಕೈಲಿ ಆಗುತ್ತಿಲ್ಲ. ಅದು ಇನ್ನೂ ನನಗೆ ಬೇಕು. ಆ ಹುಡುಗಿಯೂ ಬೇಕು ಅಂದಳು. ಆ ಕವಿತೆ ಕೇಳಿದ ಪ್ರಶ್ನೆಯನ್ನೇ ಅವನಿಗೆ ತಿರುಗಿ ಕೇಳಬೇಕು, ಅದಕ್ಕೆ ಬೇಕು ಅಂತ.

ಪ್ರೇಮ ಕವಿತೆಗಳನ್ನು ಓದುವುದಿಲ್ಲ. ಸಂಪಾಜೆ ಅಣ್ಣ ಹೇಳಿದ ಆ ಮೌನದ ಕವಿತೆ ನನಗೆ ಬಾಯಿಪಾಠ ಇತ್ತು. ಈಗ ಮೊದಲ ಸಾಲು ಬಂದರೆ ಗಂಟಲು ಕಟ್ಟುತ್ತದೆ. ಮುಂದೆ ಯಾವತ್ತಾದರೂ ಓದಬಹುದೇನೋ, ಈಗ ಆಗುವುದಿಲ್ಲ.

ಸಂಪಾಜೆ ಅಣ್ಣ, ನೀವೂ ಬರಬೇಕು. ಕವಿತೆ ಆದ ಮೇಲೆ ನಿಮ್ಮಜ್ಜಿಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಿ. ಹ್ಯಾಟನ್, ಹಡಗು, ಮಂಡಪಂ ಎಲ್ಲಾ. ಹುಡುಗಿಯ ಅಮ್ಮನೂ ಬರುತ್ತಾರೆ, ಅವರಿಗೆ ನಿಮ್ಮ ಮಾತು ಕೇಳಬೇಕಂತೆ. ಮಳೆ ಹಿಡಿದುಕೊಂಡಿರುತ್ತದೆ, ಭಾನುವಾರ ಬಸ್ಸು ಕಡಿಮೆ. ಮಡಿಕೇರಿಯಿಂದ ಕುಶಾಲನಗರದ ಬಸ್ಸು ಹತ್ತಿ ಸುಂಟಿಕೊಪ್ಪದಲ್ಲಿ ಇಳಿದು ಫೋನ್ ಮಾಡಿ, ಯಾರಾದರೂ ಬಂದು ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ ಹತ್ತೂವರೆಗೆ ಶುರು. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ, ಕಡುಬು ಮತ್ತು ಕಣಿಲೆ ಪಲ್ಯ ಮಾಡುತ್ತೇನೆ. ಕೀರೆಹೊಳೆ ಅವರೂ ಬರುವುದಾದರೆ ಮೊದಲೇ ತಿಳಿಸಿ.

"ಹೆಸರು ಬೇಡ" ಅವರೇ, ನಿಮ್ಮನ್ನು ಬನ್ನಿ ಅಂತ ಒತ್ತಾಯ ಮಾಡುವುದಿಲ್ಲ. ಬಂದರೆ ಯಾರು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಪತ್ರವನ್ನು ಅಲ್ಲಿ ಓದಬಹುದಾ ಬೇಡವಾ, ಅದೊಂದು ತಿಳಿಸಿ. ಬೇಡ ಅಂದರೆ ಓದುವುದಿಲ್ಲ.